ಬೆರಳ ಗೆಣ್ಣಿನಷ್ಟು

ಕೌಲ್ ಬಜಾರಿನ ಶೆಡ್ಡಿನಲ್ಲಿ ದಿನಕ್ಕೆ ಎಂಬತ್ತು ಪ್ಯಾಂಟು,
ನಾನು ಹಾಕುವುದು ಜೇಬು ಮಾತ್ರ.
ನೀಲಿ ಉಗುರಿಗಿಳಿದು, ಮಣಿಕಟ್ಟಿಗೇರಿ,
ಮೊಳಕೈ ಮಡಿಕೆಗೆ ಬಂದು ಕೆಂಪಾಯಿತು.
ಕೆರೆದರೆ ಗಳಿಗೆ ಸುಖ, ರಾತ್ರಿಯೆಲ್ಲ ಉರಿ.

ಹುಲಿಗೆಮ್ಮ ತನ್ನ ಟ್ಯೂಬು ಚಾಚಿದಳು:
"ಮಾರಿಗೂ ಹಚ್ಚು, ಬೆಳ್ಳಗಾಗ್ತಿ."
ಮೂರು ವರ್ಷ ಹಚ್ಚಿದ ಕೆನ್ನೆ ಅವಳದು,
ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು,
ಒಳಗಿನ ಕೆಂಪು ದಾರವೆಲ್ಲ ಹೊರಗೆ.

ಡಾಕ್ಟರಮ್ಮ ಬರೆದದ್ದು ಬೇರೆ, ಮೆತ್ತನೆಯ ಮದ್ದು.
ನನ್ನ ತೋರುಬೆರಳ ತುದಿಯಿಂದ ಮೊದಲ ಗೆರೆಯತನಕ
ಹಿಂಡಿ ತೋರಿಸಿದರು:
ಇಷ್ಟು, ಎರಡು ಅಂಗೈಯಗಲಕ್ಕೆ.
ದಿನಕ್ಕೆರಡು ಸಲ, ಏಳೇ ದಿನ.
ಮುಖಕ್ಕೆ ಬೇಡ, ಒಡೆದ ಗಾಯಕ್ಕೆ ಬೇಡ.
ವಾಸಿಯಾಗದಿದ್ದರೆ ಟ್ಯೂಬು ಕೊಳ್ಳಬೇಡ, ನನ್ನ ಹತ್ತಿರ ಬಾ.
ವಾಸಿಯಾದ ಮೇಲೂ ಬರೀ ಜಿಡ್ಡಿನ ಮುಲಾಮು ಬಿಡಬೇಡ.

ಅಳತೆ ನನಗೆ ಹೊಸದೇನಲ್ಲ.
ಒಂದು ನೂಲು ಹೆಚ್ಚಾದರೂ ಮಾಸ್ತರ ಜೇಬು ಬಿಚ್ಚಿಸುತ್ತಾನೆ.
ಆದರೂ ಐದನೆಯ ರಾತ್ರಿ ತುರಿಕೆಗೆ ಸೋತು
ಇನ್ನೊಂದು ಗೆಣ್ಣು ಹಿಂಡಿದೆ,
ದೀಪ ಹಾಕಿ ನೋಡಿ, ಒರೆಸಿ ಹಾಕಿದೆ.

ಎಂಟನೆಯ ದಿನ ಮಡಿಕೆ ತಣ್ಣಗಿತ್ತು.
ಟ್ಯೂಬಿನ ಮುಚ್ಚಳ ಬಿಗಿದು ಬಾಬಿನ್ ಡಬ್ಬಿಗೆ ಹಾಕಿದೆ.
ಊಟದ ಹೊತ್ತಿಗೆ ಹುಲಿಗೆಮ್ಮ
ಕೆನ್ನೆ ಮೇಲಿನ ಸೆರಗು ಸರಿಸದೆ ಕೇಳಿದಳು:
"ಆ ಡಾಕ್ಟರಮ್ಮ ಯಾವ ಯಾವ ದಿನ ಇರ್ತಾರ?"