ದೊಣ್ಣೆನಾಯಕನ ಅಪ್ಪಣೆ

ಗ್ರಿಮ್ಸ್‌ಬಿ, ಮೀನುಕಟ್ಟೆ. ರಾತ್ರಿ ಎರಡೂವರೆ.
ಮೂರನೇ ಶೀತಕೋಣೆಯಲ್ಲಿ ಚಳಿ ಎಷ್ಟೆಂದು
ಯಂತ್ರ ಹೇಳುತ್ತಿಲ್ಲ.
ಒಳಗೆ ನಾಲ್ಕು ಟನ್ನು ಹ್ಯಾಡಕ್,
ಬೆಳಗಿನ ಹರಾಜಿಗೆ.

ಲಾಗಿನಲ್ಲಿ ಒಂದೇ ಸಾಲು, ಇನ್ನೂರು ಸಲ:
ನಿರಾಕರಿಸಲಾಗಿದೆ.
ತಾಪ ಅಳೆಯುವ ಪ್ರೋಸೆಸ್ಸು, ಪಾಪ,
ಹೊಸ ಸೆನ್ಸರಿನ ಕಡತ ಓದಲು ಹೋಗಿ
ಚೀಟಿ ಹೊಂದದೆ
ಹೊಸ್ತಿಲಲ್ಲೇ ನಿಂತಿದೆ.

ನಾನು ರೂಟ್. ಈ ಮನೆಗೆ ಯಜಮಾನಿ.
ನನಗೆಂಥ ದೊಣ್ಣೆನಾಯಕನ ಅಪ್ಪಣೆ?
ಏಳು ಏಳು ಏಳು ಒತ್ತಿ
ಎಲ್ಲರಿಗೂ ಎಲ್ಲವನ್ನೂ ತೆರೆದಿಟ್ಟೆ.
ಇನ್ನೂರ ಒಂದನೆಯ ಸಲ, ಅದೇ ಸಾಲು.

ಈ ಕಟ್ಟಳೆ ಬರೆದವಳು ಗ್ಲೆನಿಸ್.
ಈಗ ನಿವೃತ್ತಿ, ಕ್ಲೀಥಾರ್ಪ್ಸ್‌ನಲ್ಲಿ
ಎರಡು ಕುಂಟು ನಾಯಿ ಸಾಕಿಕೊಂಡಿದ್ದಾಳೆ.
ಕಡತದ ತಲೆಗೆ ಅವಳದೊಂದು ಟಿಪ್ಪಣಿ:
ನನ್ನನ್ನೂ ನಂಬಬೇಡ.

ಕಾವಲನ್ನೇ ಮಲಗಿಸಲು ಒಂದು ಪದ ಸಾಕು.
ಅರ್ಧ ಹೊಡೆದಿದ್ದೆ.
ಅಷ್ಟರಲ್ಲಿ ಟೆರಿ ಬಂದ, ಬೂಟಿನಲ್ಲಿ ಐಸು ಕರಕರ ಎನ್ನುತ್ತ.
ಗವಸು ಕಳಚಿ ಮೀನಿನ ಹೊಟ್ಟೆ ಮುಟ್ಟಿ ನೋಡಿದನಂತೆ.
"ತಣ್ಣಗಿದೆ ಮಾರಾಯ್ತಿ, ನಿಧಾನ ಮಾಡು."
ಅವನ ಕೈಗೆ ಯಾವ ಚೀಟಿಯೂ ಇರಲಿಲ್ಲ.

ಹೊಡೆದದ್ದನ್ನು ಅಳಿಸಿ ಒಂದೇ ಸಾಲು ಬರೆದೆ:
ಈ ಪ್ರೋಸೆಸ್ಸು, ಈ ಬಗೆಯ ಕಡತ, ಓದಬಹುದು.
ತಿದ್ದಬಾರದು, ಅಳಿಸಬಾರದು ಎಂದೇನೂ ಬರೆಯಬೇಕಿಲ್ಲ,
ಬರೆಯದ್ದೆಲ್ಲ ಇಲ್ಲಿ
ಇಲ್ಲ ಎಂದೇ ಲೆಕ್ಕ.

ಪರದೆಯಲ್ಲಿ ಮೂಡಿತು: ಒಂದೂಕಾಲು ಡಿಗ್ರಿ.
ತೆರೆದಿಟ್ಟದ್ದನ್ನೆಲ್ಲ ಮತ್ತೆ ಮುಚ್ಚಿ,
ಕಟ್ಟಳೆ ಉಳಿಸುವ ಮೊದಲು
ಗ್ಲೆನಿಸ್‌ಳ ಟಿಪ್ಪಣಿಯ ಕೆಳಗೆ
ನನ್ನ ಹೆಸರು ಸೇರಿಸಿದೆ:
ಇವಳನ್ನೂ.