ಸವಳು

ಚೀಟಿ ರೊಕ್ಕದಾಗ ಉಳಿದಿತ್ತು ತಲಾ ಎಂಟುನೂರಾ ಐವತ್ತು.
ಹಾವೇರಿ ಬಸ್‌ಸ್ಟ್ಯಾಂಡಿನ ಎದುರು ನಸುಕಿನ ನಾಕಕ್ಕ
ಹದಿಮೂರು ಮಂದಿ ಹೆಂಗಸರು, ಒಂದು ಟೆಂಪೋ,
ಬುತ್ತಿಗಂಟಿನ ಮ್ಯಾಲೆ ಬುತ್ತಿಗಂಟು.
ಜೈತುನ್‌ಬೀಗೆ ಕಿಡಕಿ ಬೇಕು,
ವಾಂತಿ ಬರತೈತಿ ಅಂತಲ್ಲ,
ನಲವತ್ತು ವರ್ಷ ಏಲಕ್ಕಿ ಪೋಣಿಸ್ಯಾಳ,
ಏಲಕ್ಕಿ ನಡೆದ ದಾರಿ ಕಂಡಿಲ್ಲ.

ಶಿರಸಿ ದಾಟಿದ ಮ್ಯಾಲೆ ಬೆಳಕು ಹರೀತು.
ದೇವಿಮನಿ ಘಟ್ಟದ ತಿರುವಿಗೆ ಮೂವರು ತಲಿ ಹೊರಗ ಹಾಕಿದ್ರು,
ಒಂದು ಲಿಂಬಿಹಣ್ಣು ಮೂಸಿ ಮೂಸಿ
ಹದಿಮೂರು ಮೂಗು ಸುತ್ತಿ ಬಂತು.

ಹಳೇ ಬಂದರದ ಊರು.
ಗೈಡ್ ಹುಡುಗ ಕಾಯಕತ್ತಿದ್ದ, ನೀಲಿ ಛತ್ರಿ ಬಿಚ್ಚಿ ಎತ್ತರಕ್ಕ ಹಿಡಕೊಂಡು,
ಮಳಿ ಇಲ್ಲ, ಬಿಸಿಲಿಲ್ಲ,
ನಾವು ಕಳಕೋಬಾರದು ಅಂತ.
ಪುಸ್ತಕದ ಕನ್ನಡ ಅವಂದು, ಉಸಿರಿಗೂ ನಿಲ್ಲದು:
ಇದು ಕೋಟೆಯ ಉಳಿದ ಗೋಡೆ, ಇದು ಸುಂಕದ ಕಟ್ಟೆ,
ಇಲ್ಲಿಂದಲೇ ಮೆಣಸು, ಏಲಕ್ಕಿ ಹಡಗು ಹತ್ತುತ್ತಿದ್ದವು.

"ಏಲಕ್ಕಿ ಎಲ್ಲಿಂದ ಬರತಿತ್ತಪಾ?"
"ಘಟ್ಟದ ಮೇಲಿಂದ, ಅಜ್ಜಿ."
"ಘಟ್ಟದ ಮ್ಯಾಲೆ ಅಂದ್ರ, ಯಾ ಊರು?"
ಹುಡುಗ ಬಾಯಿಪಾಠದಾಗ ಹಿಂದ ಹೋಗಿ ಮುಂದ ಬಂದ.
"ಮೇಲಿಂದ" ಅಂದ ಮತ್ತೊಮ್ಮೆ,
ಛತ್ರಿ ತುದಿ ಮೂಡಣಕ್ಕ ತಿರುವಿ.
ಎಲ್ಲಾರೂ ಆ ಕಡೆ ನೋಡಿದ್ವಿ:
ತೆಂಗು, ಮೋಡ, ಒಂದು ಮೊಬೈಲ್ ಟಾವರು.
ಅದರ ಹಿಂದ ಎಲ್ಲೋ ನಾವು.

ಗೋದಾಮಿಗೆ ಚಾವಣಿ ಇಲ್ಲ. ಗ್ವಾಡಿ ತುಂಬ ಆಲದ ಬೇರು.
"ಕಣ್ಣು ಮುಚ್ಚಿರಿ" ಅಂದ, "ಇಂದಿಗೂ ಪರಿಮಳ ಬರುತ್ತದೆ."
ದಿನಾ ಹೇಳೋ ಮಾತು, ಅವನ ದನೀನ ಹೇಳತಿತ್ತು.
ಮುಚ್ಚಿದ್ವಿ.
ಬಂತು.
ಹಸಿರು, ಸ್ವಲ್ಪ ಕರ್ಪೂರ, ಸ್ವಲ್ಪ ಕಹಿ.
ಎಲ್ಲಾರಿಗಿಂತ ಮೊದಲು ಕಣ್ಣು ತೆರೆದವ ಗೈಡ್ ಹುಡುಗ,
ಛತ್ರಿ ಕೆಳಗ ಬಂದಿತ್ತು.
ಪುಸ್ತಕ ಮರೆತು ಕೇಳಿದ: "ನಿಮಗೂ ಬಂತಾ?"
ಜೈತುನ್‌ಬೀ ಎರಡೂ ಕೈ ಸೆರಗಿನೊಳಗ ಮುಚ್ಚಿಟ್ಟಳು.
ನಿನ್ನೆ ರಾತ್ರಿ ಹನ್ನೊಂದರ ತನಕ ಪೋಣಿಸಿದ ಕೈ,
ಉಗುರಿನ ಸಂದ್ಯಾಗ ಸಾಬೂನಿಗೆ ಸಿಗದ್ದು.
ನಾನೂ ನನ್ನ ಕೈ ಬೆನ್ನಿಗೆ ಕಟ್ಟಿದೆ.
"ಬಂತಪಾ" ಅಂದಳು ಆಕಿ, "ಛಲೋ ಮಾಲು ಇರಬೇಕು."

ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಉಸುಕು.
ಉಳಿದವರು ಮೊಣಕಾಲ ತನಕ ಸೀರಿ ಎತ್ತಿ
ತೆರಿಗೆ ಬೈದು, ತೆರಿಗೆ ಹೆದರಿ, ಫೋಟೋ ತೆಗೆಸಿಕೊಂಡ್ರು.
ಆಕಿ ಕುಕ್ಕರಗಾಲಾಗಿ ಕುಂತು
ಒಂದು ಬೆರಳು ಅದ್ದಿ ನಾಲಿಗಿಗೆ ಹಚ್ಚಿದಳು.
ಬಹಳ ಹೊತ್ತು ಏನೂ ಅನ್ನಲಿಲ್ಲ.
"ನಮ್ಮ ಹಿತ್ತಲ ಬಾವಿ" ಅಂದಳು.
"ಅಷ್ಟ ಸವಳಲ್ಲ. ಆದ್ರ ಇದರ ತಂಗಿ."

ಬರೋ ದಾರ್ಯಾಗ ಕತ್ತಲು. ಎಲ್ಲಾರೂ ನಿದ್ದಿ.
ನನ್ನ ಕಿವ್ಯಾಗ ಹೇಳಿದಳು:
ಘಟ್ಟದ ಏಲಕ್ಕಿ ಚೀಲಗಟ್ಟಲೆ ಬಂದು ಇಳೀತಿತ್ತು,
ನಮ್ಮಜ್ಜಿ ಆ ಬಾವಿ ನೀರಾಗ ಅಂಟವಾಳ ಕಲಿಸಿ ತೊಳೀತಿದ್ಲು,
ಹಾಲುಬಣ್ಣ ಬರತಿತ್ತು ಕಾಯಿಗೆ.
ಸಿಹಿನೀರಿನ ಬಾವಿಯವರು ನಮ್ಮನ್ನ ಕಂಡು ನಗತಿದ್ರು,
ಕುಡಿಯಾಕ ಬಾರದ ನೀರು, ಏನ್ ಮಾಡತೀರಿ ಅಂತ.
ಈಗ ಚಪ್ಪಡಿ ಎಳದಾರ.
ಹೇಳಬೇಕಿತ್ತು ಆ ಹುಡುಗಗ, ಊರ ಹೆಸರು.

"ಯಾಕ ಹೇಳಲಿಲ್ಲ?"
"ವಾಸನಿ ಬಂದಿತ್ತಲ್ಲ ಅಂವಗ."

ಮರುದಿನ ಹತ್ತಕ್ಕ ಅಂಗಡಿ ತೆರೆದ್ವಿ.
ಯಾವುದೋ ಉದ್ಘಾಟನೆ, ಎಪ್ಪತ್ತು ಹಾರ,
ಐದೆಳಿ, ಹಳದಿ ಕಲಾಬತ್ತು.
ಕೊರಳಿಗೆ ಹಾಕಿ, ಫೋಟೋ ಆಗಿ,
ಕಾರು ಹತ್ತೂದರಾಗ ತೆಗೀತಾರ. ಇರಲಿ.
ಸೂಜಿಗೆ ದಾರ ಹಾಕಿ ಕೊಡು ಅಂದಳು, ಕೊಟ್ಟೆ.
ಹನ್ನೆರಡು ಕಾಯಿ ಆಗಿರಬೇಕು, ಒಮ್ಮೆಲೆ ತಲಿ ಎತ್ತಿ:
"ಬಾವಿ ಮ್ಯಾಲಿನ ಸ್ಕೂಟಿ ತಗಸು."
ಕೀಲಿ ಮೊಮ್ಮಗನ ಕಿಸೆದಾಗ,
ಮೊಮ್ಮಗ ರಾಣೇಬೆನ್ನೂರಾಗ.
ಸಂಜಿಗೆ ಬರತಾನ.