ಟೇಪಿನ ಹಿಂಬದಿ

ಕೊರಳಿಗೆ ಬಿದ್ದು ಇಪ್ಪತ್ತಾರು ವರುಷವಾಯಿತು ಈ ಟೇಪು.
ಒಂದು ಮಗ್ಗುಲು ಇಂಚು, ನನ್ನ ಅನ್ನ:
ಸೊಂಟ ಮೂವತ್ತೆರಡು, ತೊಡೆ ಇಪ್ಪತ್ತಮೂರು, ಬಾಟಮ್ ಹದಿನಾಲ್ಕು.
ಇನ್ನೊಂದು ಮಗ್ಗುಲನ್ನು ಯಾವ ಗಿರಾಕಿಗೂ ಹಿಡಿದವನಲ್ಲ.
ಕೌಲ್ ಬಜಾರಿನಲ್ಲಿ ಯಾರ ಸೊಂಟವೂ
ಸೆಂಟಿಮೀಟರಿನಲ್ಲಿಲ್ಲ.

ಅದು ಆಸ್ಪತ್ರೆಯ ಭಾಷೆ
ಅಂತ ಗೊತ್ತಾಗಿದ್ದು ಸುಂಕಮ್ಮ ಹುಟ್ಟಿದ ದಿನ.
ನರ್ಸಮ್ಮ ಕೂಗಿ ಹೇಳಿದಳು: ನಲವತ್ತಾರು.
ನನಗೆ ನಗು. ನಲವತ್ತಾರು ನಮ್ಮ ಸೇಟಿನ ಹೊಟ್ಟೆ.
ಆಮೇಲೆ ಟೇಪು ತಿರುಗಿಸಿ ನೋಡಿದೆ:
ಹದಿನೆಂಟು ಇಂಚು, ಚೂರು ಚಿಲ್ಲರೆ.
ಒಂದು ಚಡ್ಡಿಯುದ್ದದ ಕೂಸು.

ಅಂಗನವಾಡಿ ಟೀಚರಮ್ಮ ಅದರ ತೋಳಿಗೊಂದು ಪಟ್ಟಿ ಸುತ್ತಿದಳು,
ಕೆಂಪು, ಹಳದಿ, ಹಸಿರು.
ಹಳದಿಗೆ ನಿಂತಿತು. ಹನ್ನೆರಡು.
ನಾನು ಜಗಳಕ್ಕೆ ಬಿದ್ದೆ:
ಒಂದು ಬೆರಳು ಒಳಗೆ ಬಿಟ್ಟು ಹಿಡೀಬೇಕಕ್ಕಾ, ಅಳತೆ ಅಂದ್ರೆ ಹಂಗೆ.
ಅವಳು ನನ್ನ ಮುಖ ನೋಡಿ
ಮೊಟ್ಟೆ ಎಣಿಸಿ ಕೊಟ್ಟಳು.
ಮೂರು ತಿಂಗಳು ಹೊನ್ನೂರಮ್ಮ
ನನ್ನ ಜೊತೆ ಮಾತಾಡುವಾಗಲೂ ಕೂಸಿನ ತೋಳನ್ನೇ ನೋಡುತ್ತಿದ್ದಳು.
ಹಸಿರಿಗೆ ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದೆವು.
ಕೇಳಿದವರಿಗೆ, ಹಲ್ಲು ಬಂತು ಅಂದೆವು.
ಹಲ್ಲು ಆಗಲೇ ನಾಲ್ಕಿದ್ದವು.

ಆ ಬೇಸಿಗೆಯ ರಾತ್ರಿ ಮಾತ್ರ
ಟೇಪಿನ ಯಾವ ಮಗ್ಗುಲಿಗೂ ಸಿಗುವುದಿಲ್ಲ.
ಎರ್ರಿಸ್ವಾಮಿಗೆ ಎರಡು ವರುಷ. ಜ್ವರ.
ಕತ್ತರಿ ಕೆಳಗಿಟ್ಟು ಬಂದು ಹಣೆ ಮುಟ್ಟಿದೆ, ಕೆನ್ನೆ ಮುಟ್ಟಿದೆ.
ತುಟಿ ನೀಲಿಯಾಗಿತ್ತು.
ಜೀನ್ಸಿನ ಬಣ್ಣ, ಅಂದುಕೊಂಡೆ.
ನನ್ನ ಬೆರಳು ಯಾವತ್ತೂ ನೀಲಿ,
ಅನ್ನ ಕಲಸುವಾಗಲೂ ಉಗುರ ಸಂದಿಯಲ್ಲಿ ನೀಲಿ.
ಹತ್ತಿತಲ್ಲ ಅಂತ ಲುಂಗಿಯ ತುದಿಗೆ ಉಗುಳು ಹಚ್ಚಿ ಒರೆಸಿದೆ.
ಹೋಗಲಿಲ್ಲ.
ಮತ್ತೆ ಒರೆಸಿದೆ.

ಹೊನ್ನೂರಮ್ಮ ನನ್ನ ಕೈಗೆ ಹೊಡೆದು ಹುಡುಗನನ್ನು ಕಿತ್ತುಕೊಂಡು
ಬರಿಗಾಲಲ್ಲೇ ರಸ್ತೆಗೆ ಓಡಿದಳು.
ವಿಮ್ಸಿನ ತನಕ ಆಟೋದವನು ದುಡ್ಡು ಮಾತಾಡಲಿಲ್ಲ.
ಜ್ವರದ ಫಿಟ್ಸು, ದೊಡ್ಡವನಾದ ಮೇಲೆ ಬರಲ್ಲ,
ಅಂದರು ಡಾಕ್ಟರು, ಚಹಾ ಊದುತ್ತ.
ಬರಲಿಲ್ಲ. ಹದಿನೇಳು ಈಗ ಅವನಿಗೆ,
ನನ್ನ ಅಂಗಿ ಹಾಕಿಕೊಂಡು ಭುಜ ಬಿಗಿ ಅಂತ ನನ್ನನ್ನೇ ಬೈಯುತ್ತಾನೆ.
ಆದರೆ ನಾನು ಎಷ್ಟು ಸಲ ಒರೆಸಿದೆ?
ಮೂರೋ? ನಾಲ್ಕೋ?
ಅಷ್ಟು ಹೊತ್ತನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಮೊನ್ನೆ ಮಂಡಾಳೊಗ್ಗರಣೆ ತಿನ್ನುತ್ತ ಕೂತಿದ್ದ,
ಮೆಣಸಿನಕಾಯಿ ಖಾರಕ್ಕೆ ತುಟಿ ಕೆಂಪಗೆ.
"ಯಾಕಪ್ಪಾ ಹಂಗೆ ನೋಡ್ತೀ?"
"ಏನಿಲ್ಲ, ಮೀಸೆ" ಅಂದೆ.

ಹೋದ ವರುಷ ಹೊನ್ನೂರಮ್ಮನ ಎದೆಯ ಸ್ಕ್ಯಾನು.
ಒಂದು ಪಾಯಿಂಟ್ ನಾಲ್ಕು.
ಟೇಪು ತಿರುಗಿಸಿದೆ: ಅರ್ಧ ಇಂಚಿಗೆ ದಾರದೆಳೆಯಷ್ಟು ಜಾಸ್ತಿ.
ನಮ್ಮಲ್ಲಿ ಅಷ್ಟನ್ನು ಹೊಲಿಗೆಯೊಳಗೆ ಮಡಚಿಬಿಡುತ್ತೇವೆ,
ಮುಂದೆಂದಾದರೂ ಬಿಚ್ಚಿ ಸಡಿಲ ಮಾಡಲು ಇರಲಿ ಅಂತ.
ಒಂಬತ್ತು ದಿನ ಕಾದೆವು.
ಒಂಬತ್ತು ದಿನವೂ ಅವಳು ಇನ್ನೂರು ಪೀಸಿನ ದಾರ ಕತ್ತರಿಸಿದಳು,
ಒಂದೂ ತಪ್ಪಲಿಲ್ಲ.
ನಾನು ಒಂದು ಪೂರಾ ತಾನು ಉಲ್ಟಾ ಕತ್ತರಿಸಿದೆ,
ಸೇಟು ಸಂಬಳದಲ್ಲಿ ಹಿಡಿದ.
ಬರೀ ಗಂಟು ಅಂತ ಬಂತು.
"ಸುಂಕಿಗೆ ಹೇಳಬ್ಯಾಡ, ಪರೀಕ್ಷೆ ಐತೆ" ಅಂದಳು.
ಸುಂಕಿ ಅದಕ್ಕೂ ಮುಂಚೆಯೇ ಓದಿದ್ದಳು.
ಚೀಟಿಗೆ ಎರಡನೆಯ ಮಡಿಕೆ ಬಿದ್ದಿತ್ತು, ಮೊದಲಿನದರ ಪಕ್ಕ,
ಕೂದಲೆಳೆಯ ಅಂತರದಲ್ಲಿ.
ಮಡಿಕೆ ಓದುವುದೊಂದೇ ನನಗೆ ಬರುವ ವಿದ್ಯೆ.

ಈಗ ಅವಳು ಲ್ಯಾಬಿಗೆ ಸೇರಿದ್ದಾಳೆ, ಬಿಳಿ ಕೋಟು ಬೇಕಂತೆ.
ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ.
ತೋಳಿಗೆ ಟೇಪು ಸುತ್ತಿ, ಬೆರಳು ಒಳಗೆ ಬಿಟ್ಟು, ನಿಂತೆ.
"ಅಪ್ಪಾ, ಟೇಪು ಉಲ್ಟಾ ಐತೆ."
ಹ್ಞೂಂ, ಅಂದೆ.
ಇಪ್ಪತ್ತನಾಲ್ಕು.
ಬರೆದುಕೊಳ್ಳಲಿಲ್ಲ.
ಜೇಬು ಎರಡು ಸಾಕೋ, ಮೂರು ಬೇಕೋ, ಕೇಳಿದೆ.